ಹಳೇ ಹ್ಯಾಮರ್ಲಿ ಪಿಸ್ತೂಲಿಗೆ ಹಾರ್ಡ್ ಕ್ರೋಮ್ ಮಾಡಿಸಲೋ, ಬೇಡವೋ?

ಕಾಫಿಬೇಲಿ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾರ್ಡ್ ಕ್ರೋಮ್ ಎಂದರೆ ಉಕ್ಕಿನ ಮೇಲೆ ಕರೆಂಟ್ ಹಾಯಿಸಿ ಕೂರಿಸುವ ಗಟ್ಟಿ ಕ್ರೋಮಿಯಂ ಲೇಪ. ಎರಡು ತಿಂಗಳಿಂದ ತಲೆಯೊಳಗೆ ಇದೇ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ ಕೇಳುವವರಿಲ್ಲ. "ಅದಕ್ಕೆ ಬೆಳ್ಳಿ ಲೇಪ ಬೇರೆ ಒಂದು ಕೇಡು" ಎಂದು ಹೆಂಡತಿ ಮಾತು ಮುಗಿಸಿಬಿಟ್ಟಳು.

ನನ್ನದು ಹ್ಯಾಮರ್ಲಿ 208. ಸ್ವಿಟ್ಜರ್ಲೆಂಡಿನ ಪಿಸ್ತೂಲು, ಪಾಯಿಂಟ್ 22 ಬೋರು. 25 ಮೀಟರ್ ಸ್ಪರ್ಧೆಗೆ ಅಂತಲೇ ಮಾಡಿದ್ದು. ಈಗ ಅದು ತಯಾರಾಗುವುದಿಲ್ಲ. ಆರು ವರ್ಷದ ಹಿಂದೆ, ಕಣ್ಣು ಮಂಜಾಗಿ ಸ್ಪರ್ಧೆ ಬಿಟ್ಟ ಹಿರಿಯರೊಬ್ಬರಿಂದ ನನ್ನ ಲೈಸೆನ್ಸಿಗೆ ಏರಿಸಿಕೊಂಡೆ. ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ಒರೆಸೋದು ಮರೀಬೇಡ." ನಾನು ಮರೆತೆ. ಕಥೆ ಅಷ್ಟೇ. ಆದರೂ ವಿವರ ಹೇಳುತ್ತೇನೆ.

ಕಳೆದ ವರ್ಷ ಪುಷ್ಯ ಮಳೆ ಹಿಡಿದದ್ದು ಬಿಡಲೇ ಇಲ್ಲ. ಆಶ್ಲೇಷದಲ್ಲಿ ನಮ್ಮ ತೋಟದ ರಸ್ತೆಯ ಧರೆ ಜರಿದು ಎರಡು ಕರೆಂಟ್ ಕಂಬ ಮಲಗಿದವು. ಹದಿನೆಂಟು ದಿನ ಕರೆಂಟಿಲ್ಲ. ಅದರ ಹಿಂದಿನ ಭಾನುವಾರವಷ್ಟೇ ಬೆಂಗಳೂರಿನ ರೇಂಜಿಗೆ ಹೋಗಿ ಬಂದಿದ್ದೆ. ಬೇಲೂರು, ಹಾಸನದ ಮೇಲೆ ಬರಲು ಐದು ಗಂಟೆ. ರಾತ್ರಿ ಹತ್ತಕ್ಕೆ ಮನೆ ಮುಟ್ಟಿ, ನಾಳೆ ಒರೆಸಿದರಾಯ್ತು ಎಂದು ಪಿಸ್ತೂಲನ್ನು ಅದರ ಚರ್ಮದ ಚೀಲದಲ್ಲೇ ಬೀರುವಿಗೆ ಹಾಕಿ ಬೀಗ ಜಡಿದೆ. ಮಾರನೇ ದಿನದಿಂದ ಚರಂಡಿ ಬಿಡಿಸುವುದು, ಮುರಿದ ಸಿಲ್ವರ್ ಮರ ಕಡಿಸುವುದು, ಕೊಳೆರೋಗದ ಕಾಟ. ಪಿಸ್ತೂಲು ಯಾರಿಗೆ ನೆನಪು?

ಇಪ್ಪತ್ತೆರಡನೇ ದಿನ ತೆಗೆದು ನೋಡಿದರೆ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ತುಂಡು) ಹಿಂಭಾಗದಲ್ಲಿ, ಹಿಡಿದು ಎಳೆಯುವ ಗೀರುಗಳ ಹತ್ತಿರ, ನನ್ನ ಹೆಬ್ಬೆರಳಿನ ಗುರುತು ತುಕ್ಕಿನಲ್ಲಿ ಅಚ್ಚಾಗಿತ್ತು. ಗೆರೆ ಸಮೇತ. ಪೊಲೀಸರು ಇಂಕಿನಲ್ಲಿ ತೆಗೆದುಕೊಂಡ ಹಾಗೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಜಾಗ ಒತ್ತುವಲ್ಲಿ, ಹಿಡಿಯ ಮೇಲ್ತುದಿಯ ಉಕ್ಕಿನ ಮೇಲೂ ಎರಡು ರೂಪಾಯಿ ನಾಣ್ಯದಷ್ಟು ಕಂದು ಕಲೆ. ನನ್ನ ಕೈಬೆವರು ಸಿಕ್ಕಾಪಟ್ಟೆ ಉಪ್ಪು ಅಂತ ಕಾಣುತ್ತದೆ. ಮಗನಿಗೆ ಕೊಟ್ಟ ಸ್ಟೀಲ್ ಕೈಗಡಿಯಾರವನ್ನೂ ಹಾಳು ಮಾಡಿದ ಕೈ ಇದು.

ಎಣ್ಣೆ ಹಚ್ಚಿ, ನಾಲ್ಕು ಸೊನ್ನೆಯ ನಯವಾದ ಸ್ಟೀಲ್ ವೂಲಿನಲ್ಲಿ ಮೆಲ್ಲಗೆ ಉಜ್ಜಿದೆ. ತುಕ್ಕು ಹೋಯಿತು. ಜೊತೆಗೆ ಆ ಜಾಗದ ಬ್ಲೂಯಿಂಗೂ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ಕಪ್ಪು ನೀಲಿ ಬಣ್ಣ) ಹೋಯಿತು. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಕೆಲಸಕ್ಕೇನೂ ತೊಂದರೆಯಿಲ್ಲ. ಮೊನ್ನೆ ಪೇಪರಿನ ಮೇಲೆ ಗುಂಡುಗಳ ಗುಂಪು ಮೊದಲಿನಂತೆಯೇ ಬಂತು.

ಕೋವಿ ಅಂಗಡಿಯವರಿಗೆ ತೋರಿಸಿದೆ. ಅವರು ತಡಮಾಡದೆ, "ಹಾರ್ಡ್ ಕ್ರೋಮ್ ಮಾಡಿಸಿಬಿಡಿ ಸಾರ್, ಜೀವಮಾನ ತುಕ್ಕಿನ ಮಾತೇ ಇಲ್ಲ" ಎಂದರು. ಹೊರಗೆ ಹೊಳಪಿಲ್ಲದ ಬೂದು ಬಣ್ಣ, ಒಟ್ಟು 22 ಸಾವಿರ. ಒಂದು ತುಂಡು ತೋರಿಸಿದರು. ನಿಜವಾಗಿಯೂ ಚೆನ್ನಾಗಿತ್ತು. ಮಂಜು ಬಿದ್ದ ಬೆಳಗ್ಗೆ ಆಕಾಶ ಇರುತ್ತದಲ್ಲ, ಆ ಬಣ್ಣ. ಮೊಳೆಯಲ್ಲಿ ಗೀಚಿದರೂ ಗೆರೆ ಬೀಳಲಿಲ್ಲ.

ಆಸೆ ಆಯಿತು. ಆಮೇಲೆ ಕಾರಿನಲ್ಲಿ ಬರುತ್ತಾ ಹೆದರಿಕೆಯೂ ಆಯಿತು. ಈ ಪಿಸ್ತೂಲಿನ ಸ್ಲೈಡು ಬೆಣ್ಣೆಯ ಹಾಗೆ ಜಾರುತ್ತದೆ. ಅದರ ಮೇಲೆ ಮತ್ತೊಂದು ಲೋಹದ ಪದರ ಕೂತರೆ ಬಿಗಿಯಾಗುವುದಿಲ್ಲವೇ? ಬ್ಲೂಯಿಂಗ್ ಎಂದರೆ ಉಕ್ಕಿನ ಮೈಯೇ ಬಣ್ಣ ತಿರುಗಿದ್ದು, ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು. ಕ್ರೋಮ್ ಹಾಗಲ್ಲ, ಮೇಲೆ ಬಂದು ಕೂರುವ ಸರಕು. ನಳಿಗೆಯ ಒಳಗೂ ಹೋಗುತ್ತದಾ? ಟ್ರಿಗರ್? 25 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ಎತ್ತಲೇಬೇಕು. ನನ್ನದು 1020ಕ್ಕೆ ನಿಂತಿದೆ. ಅದು ಆಚೀಚೆ ಆದರೆ ತೂಕ ನೋಡುವ ಮೇಜಿನಲ್ಲೇ ನನ್ನ ಕಥೆ ಮುಗಿಯಿತು.

ಅಜ್ಜನ ಜೋಡಿ ನಳಿಗೆ ಕೋವಿ ಇಂದಿಗೂ ಮನೆಯಲ್ಲಿದೆ. ಅದಕ್ಕೆ ಯಾವ ಲೇಪವೂ ಇಲ್ಲ. ಬ್ಲೂಯಿಂಗ್ ಎಂದೋ ಹೋಗಿ ಬರೀ ಕಂದು ಉಕ್ಕು. ಅದು ಅಡುಗೆಮನೆ ಪಕ್ಕದ ಬೆಚ್ಚನೆ ಗೋಡೆಗೆ ನೇತುಬಿದ್ದು ಅರವತ್ತು ಮಳೆಗಾಲ ಕಂಡಿದೆ. ನನ್ನ ಪಿಸ್ತೂಲು ಬೀಗದ ಬೀರುವಿನಲ್ಲಿ ಇಪ್ಪತ್ತೆರಡು ದಿನ ತಡೆಯಲಿಲ್ಲ. ಇದು ನೆನಪಾದಾಗೆಲ್ಲ ಸ್ವಲ್ಪ ಮುಖಭಂಗ.

ಮಾಡಿಸಿದವರು, ಕೆಲಸ ಗೊತ್ತಿದ್ದವರು ಹೇಳಿ. ಮಾಡಿಸಲಾ? ರಾಜ್ಯ ಸ್ಪರ್ಧೆಗೆ ಇನ್ನು ನಾಲ್ಕು ತಿಂಗಳಿದೆ.

ತೊಟ್ಟಿಮನೆ (ಹಾಸನ, ಮೊದಲು ಪೀಣ್ಯ)

ಕಾಫಿಬೇಲಿ ಅಣ್ಣ, ನಾನು ಪಿಸ್ತೂಲು ಹಿಡಿದವನಲ್ಲ. ಆದರೆ ಪೀಣ್ಯದಲ್ಲಿ ಹನ್ನೊಂದು ವರ್ಷ ಹಾರ್ಡ್ ಕ್ರೋಮ್ ತೊಟ್ಟಿ ನೋಡಿಕೊಂಡವನು. ಹೈಡ್ರಾಲಿಕ್ ರಾಡು, ರೋಲರು, ಅಚ್ಚುಗಳು. ಹೆಸರು ನೋಡಿ ನಗಬೇಡಿ, ತೊಟ್ಟಿಮನೆ ಅಂದರೆ ನಮ್ಮ ಮನೆಯೂ ಹೌದು, ನನ್ನ ಕಸುಬೂ ಹೌದು.

ಮೊದಲು ಒಂದು ಮಾತು. ಹಳೇ ಬೈಕಿನ ಹ್ಯಾಂಡಲ್ ಮೇಲೆ ಇರುವ ಕ್ರೋಮ್ ಬೇರೆ, ಇದು ಬೇರೆ. ಹ್ಯಾಂಡಲ್ ಮೇಲಿನದು ಅರ್ಧ ಮೈಕ್ರಾನೂ ಇರುವುದಿಲ್ಲ. ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ಹಾರ್ಡ್ ಕ್ರೋಮನ್ನು ನೇರ ಉಕ್ಕಿನ ಮೇಲೆ ಕೂರಿಸುತ್ತೇವೆ, ದಪ್ಪವಾಗಿ. ಕೋವಿಗಳಿಗೆ ಸಾಮಾನ್ಯವಾಗಿ ಐದರಿಂದ ಹನ್ನೆರಡು ಮೈಕ್ರಾನ್. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 65ರಿಂದ 70. ಅರ ಹಾಕಿದರೆ ಅರವೇ ಜಾರುತ್ತದೆ. ಅಂಗಡಿಯವರು ಗೀಚಿ ತೋರಿಸಿದ್ದರಲ್ಲಿ ಮೋಸ ಇಲ್ಲ.

ಆದರೆ "ಜೀವಮಾನ ತುಕ್ಕಿಲ್ಲ" ಅಂದರಲ್ಲ, ಅದನ್ನು ನಾನು ಒಪ್ಪಲ್ಲ. ಹಾರ್ಡ್ ಕ್ರೋಮಿನ ಮೈತುಂಬ ಕೂದಲಿಗಿಂತ ಸಣ್ಣ ಬಿರುಕುಗಳಿರುತ್ತವೆ. ಒಣಗಿದ ಕೆರೆಯಂಗಳ ನೋಡಿದ್ದೀರಲ್ಲ, ಸೂಕ್ಷ್ಮದರ್ಶಕದಲ್ಲಿ ಥೇಟ್ ಹಾಗೇ ಕಾಣುತ್ತದೆ. ಪದರ ತೆಳ್ಳಗಿದ್ದಷ್ಟೂ ಉಪ್ಪುನೀರು ಆ ದಾರಿಯಲ್ಲಿ ಕೆಳಗಿಳಿಯುವುದು ಸುಲಭ. ಬ್ಲೂಯಿಂಗಿಗಿಂತ ಹತ್ತು ಪಾಲು ಮೇಲು, ಸರಿ. ಆದರೂ ಎಣ್ಣೆ ಒರೆಸುವುದು ತಪ್ಪಲ್ಲ. ಬೀರುವಿನಲ್ಲಿ ಮರೆತರೆ ಅದಕ್ಕೂ ತುಕ್ಕು ಬರುತ್ತದೆ, ಒಳಗಿಂದ ಬರುತ್ತದೆ, ಬಂದಮೇಲೆ ಸಿಪ್ಪೆ ಏಳುತ್ತದೆ.

ಎರಡನೆಯದು, ಕ್ರೋಮ್ ಗುಳಿ ಮುಚ್ಚಲ್ಲ. ಕೆಳಗೆ ಏನಿದೆಯೋ ಅದನ್ನೇ ಮೇಲೆ ತೋರಿಸುತ್ತದೆ. ನಿಮ್ಮ ಹೆಬ್ಬೆರಳ ಗುಳಿ ಹೋಗಬೇಕೆಂದರೆ ಮೊದಲು ಅಷ್ಟು ಉಕ್ಕನ್ನು ಪಾಲಿಶ್ ಹೊಡೆದು ತೆಗೆಯಬೇಕು. ಬೂದು ಬಣ್ಣ ಬರಲು ಗಾಜಿನ ಮಣಿಪುಡಿ ಹೊಡೆಯುತ್ತಾರೆ, ಅದರಿಂದ ಚೂರು ಮರೆಯಾಗಬಹುದು. ಚೂರು ಮಾತ್ರ.

ಮೂರನೆಯದು ನೀವು ಕೇಳಿದ್ದು, ಬಿಗಿಯಾಗುವುದು. ಲೆಕ್ಕ ಹಾಕಿ. ಒಂದು ಮುಖಕ್ಕೆ ಹತ್ತು ಮೈಕ್ರಾನ್. ಫ್ರೇಮಿನ, ಅಂದರೆ ಪಿಸ್ತೂಲಿನ ಕೆಳಮೈಯ, ಹಳಿಗೆ ಮೇಲೆ ಕೆಳಗೆ ಎರಡು ಮುಖ, ಅಂದರೆ ಇಪ್ಪತ್ತು ದಪ್ಪವಾಯಿತು. ಸ್ಲೈಡಿನ ಗಾಡಿಗೆ (ಹಳಿ ಕೂರುವ ತೋಡು) ಎರಡು ಮುಖ, ಅದು ಇಪ್ಪತ್ತು ಕಿರಿದಾಯಿತು. ಒಟ್ಟು ನಲವತ್ತು ಮೈಕ್ರಾನ್ ಸಡಿಲ ಮಾಯ. ನಿಮ್ಮಲ್ಲಿ ಈಗ ಎಷ್ಟಿದೆ ಅಳೆದು ನೋಡಿ.

ಅದೂ ಎಲ್ಲ ಕಡೆ ಸಮವಾಗಿ ಹತ್ತು ಕೂತರೆ ಈ ಲೆಕ್ಕ. ಕ್ರೋಮ್ ತೊಟ್ಟಿ ಬಹಳ ಪಕ್ಷಪಾತಿ. ಕರೆಂಟು ಎಲ್ಲಿ ಸುಲಭವಾಗಿ ಮುಟ್ಟುತ್ತದೋ, ಅಂದರೆ ಅಂಚು, ಮೂಲೆ, ಮೊನೆ, ಅಲ್ಲಿ ಜಾಸ್ತಿ ಕೂರುತ್ತದೆ. ಒಳಗಿನ ಸಂದಿಗೆ ಕಮ್ಮಿ, ಕೆಲವು ಕಡೆ ಇಲ್ಲವೇ ಇಲ್ಲ. ರಾಡು ಆದರೆ ಜಾಸ್ತಿ ಕೂರಿಸಿ ಗ್ರೈಂಡಿಂಗ್ ಮಾಡಿ ಅಳತೆಗೆ ತರುತ್ತೇವೆ. ಪಿಸ್ತೂಲಿನ ಗಾಡಿಯೊಳಗೆ ಯಾವ ಗ್ರೈಂಡಿಂಗ್ ಕಲ್ಲು ಹೋಗುತ್ತದೆ ಹೇಳಿ?

ಇನ್ನೊಂದು. ತೊಟ್ಟಿಗೆ ಕೊಟ್ಟ ಕರೆಂಟಿನಲ್ಲಿ ಐದನೇ ಒಂದು ಪಾಲು ಕೂಡ ಕ್ರೋಮ್ ಕೂರಿಸಲು ಹೋಗಲ್ಲ. ಉಳಿದದ್ದೆಲ್ಲ ಹೈಡ್ರೋಜನ್ ಗುಳ್ಳೆ. ಆ ಹೈಡ್ರೋಜನ್ ಗಡಸು ಉಕ್ಕಿನ ಒಳಗೆ ಸೇರಿಕೊಂಡು ಅದನ್ನು ಹಪ್ಪಳ ಮಾಡಿಬಿಡುತ್ತದೆ. ಅದಕ್ಕೇ ತೊಟ್ಟಿಯಿಂದ ತೆಗೆದ ಕೆಲವೇ ಗಂಟೆಯೊಳಗೆ ಒಲೆಯಲ್ಲಿ 190ರಿಂದ 200 ಡಿಗ್ರಿಗೆ ಗಂಟೆಗಟ್ಟಲೆ ಬೇಯಿಸಬೇಕು. ಅಂಗಡಿಯವರನ್ನು ಕೇಳಿ: ಬೇಯಿಸುತ್ತೀರಾ, ಎಷ್ಟು ಡಿಗ್ರಿ, ಎಷ್ಟು ಹೊತ್ತು? "ಅದೆಲ್ಲ ಅವರು ನೋಡ್ಕೋತಾರೆ ಸಾರ್" ಅಂದರೆ ಪಿಸ್ತೂಲು ಎತ್ತಿಕೊಂಡು ವಾಪಸ್ ಬನ್ನಿ.

ಆ "ಅವರು" ಯಾರು ಎನ್ನುವುದೂ ಮುಖ್ಯ. ಪೀಣ್ಯದಲ್ಲಿದ್ದಾಗ ಒಬ್ಬರು ಟವೆಲಿನಲ್ಲಿ ಸುತ್ತಿಕೊಂಡು ರಿವಾಲ್ವರ್ ಬಿಡಿಭಾಗ ತಂದಿದ್ದರು. ಮುಟ್ಟದೆ ಕಳಿಸಿದೆ. ನಮ್ಮಂಥ ಪ್ಲೇಟಿಂಗ್ ಶೆಡ್ಡಿಗೆ ಆಯುಧ ಇಟ್ಟುಕೊಳ್ಳುವ ಲೈಸೆನ್ಸ್ ಎಲ್ಲಿಂದ ಬರಬೇಕು?

ಕೊನೆಗೆ ಊರ ಅಭಿಮಾನದ ಒಂದು ಮಾತು. ಕ್ರೋಮಿನ ಅದಿರು ನಮ್ಮ ಜಿಲ್ಲೆಯದೇ ಇದೆ. ಚನ್ನರಾಯಪಟ್ಟಣ ತಾಲ್ಲೂಕು ನುಗ್ಗೇಹಳ್ಳಿ ಕಡೆ ಬೈರಾಪುರದಲ್ಲಿ ಕ್ರೋಮೈಟ್ ಗಣಿ. ಮಣ್ಣಲ್ಲಿದ್ದಾಗ ಅದು ಪಾಪದ್ದು. ತೊಟ್ಟಿಯ ಆಮ್ಲವಾದ ಮೇಲೆ ವಿಷ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬನಿಗೆ ಮೂಗಿನ ನಡುಗೋಡೆಯೇ ತೂತಾಯಿತು. ಅದನ್ನು ನೋಡಿಯೇ ನಾನು ಊರಿಗೆ ಬಂದದ್ದು. ಈಗ ಆಲೂಗಡ್ಡೆ, ಶುಂಠಿ.

ಕಾಫಿಬೇಲಿ

ತೊಟ್ಟಿಮನೆಯವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೈ ಮುಗಿದೆ.

ಅಳೆದೆ. ಜೀಪಿನ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜು ಇತ್ತು. 0.05 ಮಿಲಿಮೀಟರಿನ ಎಲೆ ಹಳಿ ಮತ್ತು ಗಾಡಿಯ ನಡುವೆ ಕಷ್ಟದಲ್ಲಿ ಹೋಗುತ್ತದೆ. ಮುಂದಿನದು ಹೋಗುವುದೇ ಇಲ್ಲ. ಅಂದರೆ ನನ್ನ ಹತ್ತಿರ ಇರುವುದು 50 ಮೈಕ್ರಾನ್. ಅದರಲ್ಲಿ ನಲವತ್ತು ಕಳೆದರೆ ಉಳಿಯುವುದು ಹತ್ತು. ಪಾಯಿಂಟ್ 22 ತೋಟಾದ ಮೇಣ, ಸೀಸದ ಪುಡಿ, ಮಸಿ ಎಲ್ಲ ಆ ಹತ್ತರಲ್ಲಿ ವಾಸ ಮಾಡಬೇಕು.

ಹಳಿ, ಗಾಡಿ ಬಿಟ್ಟು ಹೊರಮೈಗೆ ಮಾತ್ರ ಮಾಡಿಸಬಹುದಾ? ನನ್ನ ತುಕ್ಕು ಇರುವುದು ಹೊರಗೇ ತಾನೇ.

ಘಾಟಿ ಶೂಟರ್ (ಸಕಲೇಶಪುರ)

ಗೌಡ್ರೇ, ತುಕ್ಕು ಹಿಡಿದ ಹ್ಯಾಮರ್ಲಿ ಇಟ್ಟುಕೊಂಡು ಯಾಕೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತೀರಿ. ನನ್ನ ಲೈಸೆನ್ಸಿನಲ್ಲಿ ಒಂದು ಜಾಗ ಖಾಲಿ ಇದೆ.

ನಿವೃತ್ತ ಆರ್ಮರರ್ (ಅರಸೀಕೆರೆ)

ಇಪ್ಪತ್ನಾಲ್ಕು ವರ್ಷ ಸೇನೆಯ ಇಎಂಇಯಲ್ಲಿ (ಯಂತ್ರ, ಆಯುಧ ರಿಪೇರಿ ವಿಭಾಗ) ಆರ್ಮರರ್ ಆಗಿದ್ದೆ. ಕೋವಿ ರಿಪೇರಿಯೇ ನನ್ನ ಅನ್ನ.

ಹೊರಮೈಗೆ ಮಾತ್ರ ಮಾಡಿಸಬಹುದು. ಬೇಡದ ಜಾಗಕ್ಕೆ ಮೇಣ ಅಥವಾ ಅರಗು ಬಳಿದು, ಸೀಸದ ಪಟ್ಟಿ ಸುತ್ತಿ ಮುಚ್ಚುತ್ತಾರೆ. ಮುಚ್ಚುವವನ ಕೈಮೇಲೆ ಎಲ್ಲ ನಿಂತಿದೆ. ಹಳಿ, ಗಾಡಿ, ನಳಿಗೆಯ ಒಳಗು, ತೋಟಾ ಕೂರುವ ಚೇಂಬರು, ಬೋಲ್ಟಿನ ಮುಖ, ಗುರಿ ನೋಡುವ ಸೈಟು ಕೂರುವ ಗಾಡಿ. ಇಷ್ಟೂ ಮುಚ್ಚಬೇಕು. ಒಂದು ಕಡೆ ಮೇಣ ಜಾರಿದರೆ ಆಯಿತು.

ಸೇನೆಯ ಇನ್ಸಾಸ್ ರೈಫಲ್ ನಳಿಗೆಯ ಒಳಗೇ ಕ್ರೋಮ್ ಇದೆ ಎಂದು ಯಾರಾದರೂ ವಾದ ಮಾಡಬಹುದು. ಇದೆ. ಅದು ಸಾವಿರಾರು ಗುಂಡಿನ ಬಿಸಿ ತಡೆಯಲು, ಕೆಸರಲ್ಲಿ ಬಿದ್ದರೂ ತುಕ್ಕು ಹಿಡಿಯದಿರಲು. ಮತ್ತು ಆ ನಳಿಗೆಯನ್ನು ಕಾರ್ಖಾನೆಯಲ್ಲಿ ಮಾಡುವಾಗಲೇ ಕ್ರೋಮಿಗೆ ಜಾಗ ಬಿಟ್ಟಿರುತ್ತಾರೆ. ನಿಮ್ಮದು ಸ್ಪರ್ಧೆಯ ನಳಿಗೆ. ಒಳಗೆ ಏನೂ ಹಾಕಬೇಡಿ.

ಟ್ರಿಗರಿನ ಸಿಯರು (ಹ್ಯಾಮರನ್ನು ಹಿಡಿದಿಡುವ ಕೊಂಡಿ), ಹ್ಯಾಮರ್, ಎಲ್ಲ ಸ್ಪ್ರಿಂಗು, ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾ ಎಳೆಯುವ ಕೊಕ್ಕೆ), ಪಿನ್ನುಗಳು ತೊಟ್ಟಿಯ ಹತ್ತಿರವೂ ಸುಳಿಯಬಾರದು. ಸಿಯರಿನ ಅಂಚಿನಲ್ಲಿ ಕ್ರೋಮ್ ಗಂಟು ಕಟ್ಟಿದರೆ ನಿಮ್ಮ 1020 ಗ್ರಾಂ ಗಾಳಿಗೆ ಹೋಯಿತು. ಸ್ಪ್ರಿಂಗು ಹೈಡ್ರೋಜನ್ ಕುಡಿದರೆ ಮುರಿಯುತ್ತದೆ. ಯಾವಾಗ ಎಂದು ಹೇಳಿ ಮುರಿಯುವುದಿಲ್ಲ.

ಕಾನೂನು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ರಿಪೇರಿ ವ್ಯವಹಾರಕ್ಕೂ ಲೈಸೆನ್ಸ್ ಬೇಕು. 8ನೇ ಕಲಂ, ಆಯುಧದ ಮೇಲಿನ ಹೆಸರು, ನಂಬರು ಅಳಿಸಬಾರದು, ತಿದ್ದಬಾರದು. ಕ್ರೋಮಿಗೆ ಮುಂಚೆ ಪಾಲಿಶ್ ಹೊಡೆಯುತ್ತಾರಲ್ಲ, ಆ ಚಕ್ರದ ಕೆಳಗೆ ನಂಬರು ಸವೆಯುವುದು ನಾನು ಕಣ್ಣಾರೆ ಕಂಡದ್ದು. ಲೈಸೆನ್ಸ್ ಪುಸ್ತಕದ ನಂಬರು ಪಿಸ್ತೂಲಿನಲ್ಲಿ ಓದಲು ಬಾರದಿದ್ದರೆ ಉತ್ತರ ಕೊಡಬೇಕಾದವರು ನೀವು. ಪಾಲಿಶ್ ಚಕ್ರ ಅಲ್ಲ.

ಈಗ ನನ್ನ ಪ್ರಶ್ನೆ. ತುಕ್ಕು ಬಂದದ್ದು ಬ್ಲೂಯಿಂಗ್ ಕೆಟ್ಟದ್ದರಿಂದಲಾ? ಆರು ವರ್ಷ ನಿಮ್ಮ ಹತ್ತಿರ, ಅದಕ್ಕೂ ಮುಂಚೆ ಎಷ್ಟೋ ವರ್ಷ ಆ ಹಿರಿಯರ ಹತ್ತಿರ ಅದು ಚೆನ್ನಾಗಿಯೇ ಇತ್ತು. ಕೆಟ್ಟದ್ದು ಇಪ್ಪತ್ತೆರಡು ದಿನದಲ್ಲಿ. ಆರೋಪಿ ಚರ್ಮದ ಚೀಲ. ಹದ ಮಾಡಿದ ಚರ್ಮದಲ್ಲಿ ಉಪ್ಪು, ಆಮ್ಲದ ಅಂಶ ಉಳಿದಿರುತ್ತದೆ. ಮಳೆಗಾಲದಲ್ಲಿ ಅದು ಸ್ಪಂಜಿನ ಹಾಗೆ ನೀರು ಹೀರಿ ಉಕ್ಕಿಗೆ ಅಪ್ಪಿಕೊಂಡು ಕೂರುತ್ತದೆ. ಚೀಲ ಪ್ರಯಾಣಕ್ಕೆ. ಇಡುವುದಕ್ಕಲ್ಲ. ನಿಮ್ಮ ಅಜ್ಜನ ಕೋವಿ ಉಳಿದದ್ದು ಯಾಕೆ? ಚೀಲ ಇರಲಿಲ್ಲ, ಗಾಳಿ ಇತ್ತು, ಒಲೆಯ ಶಾಖ ಇತ್ತು. ಹಾಗಂತ ಪಿಸ್ತೂಲನ್ನು ಗೋಡೆಗೆ ನೇತು ಹಾಕಲು ಹೋಗಬೇಡಿ. ಬೀಗ ಬೇಕೇ ಬೇಕು.

ಬೀರುವಿನೊಳಗೆ ಶಾಖ ಮಾಡಿಕೊಳ್ಳಿ. ಹಳೇ ಕಾಲದ ತಂತಿ ಬಲ್ಬು, ಕೆಳಗಿನ ಅರೆಯಲ್ಲಿ. ಪಿಸ್ತೂಲಿಗೆ ತಾಗದಷ್ಟು ದೂರ. ತೇವ ಅಳೆಯುವ ಗಡಿಯಾರ ಒಂದು ಇಡಿ. ಶೇಕಡಾ ಐವತ್ತರ ಆಸುಪಾಸು ಇದ್ದರೆ ನೆಮ್ಮದಿ. ಕೈ ತಾಗುವ ಜಾಗಕ್ಕೆ ಎಣ್ಣೆಗಿಂತ ಮೇಣ ಒಳ್ಳೆಯದು. ಮ್ಯೂಸಿಯಮ್‌ಗಳಲ್ಲಿ ಹಳೇ ಕತ್ತಿ, ಕವಚಕ್ಕೆ ಹಚ್ಚುವ ಮೈಕ್ರೋಕ್ರಿಸ್ಟಲಿನ್ ಮೇಣ ಬರುತ್ತದೆ. ತೆಳ್ಳಗೆ ಹಚ್ಚಿ, ಉಜ್ಜಿ. ಕೈಗೆ ಅಂಟುವುದಿಲ್ಲ. ತೆಂಗಿನೆಣ್ಣೆ ಮಾತ್ರ ಬೇಡ. ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗುತ್ತದೆ.

ಬೇಲೂರಕ್ಕ

ನಾನು ಮಾಡಿಸಿದವಳು. ನನ್ನ ಪಾಯಿಂಟ್ 32 ಸೆಂಟರ್ ಫೈರ್ ಪಿಸ್ತೂಲಿಗೆ, ಏಳು ವರ್ಷದ ಹಿಂದೆ. ಆರ್ಮರರ್ ಸಾಹೇಬರು ಹೇಳಿದ್ದಕ್ಕೆ ಎದುರಾಡುವುದಿಲ್ಲ, ಆದರೆ ಕ್ರೋಮಿನ ಪರವಾಗಿಯೂ ಒಬ್ಬರು ಮಾತಾಡಬೇಕಲ್ವಾ.

ಕೈ ತಾಗುವ ಜಾಗದಲ್ಲಿ ಇವತ್ತಿನವರೆಗೂ ಒಂದು ಚುಕ್ಕೆ ಇಲ್ಲ. ಮಸಿ ಒರೆಸಿದರೆ ಸ್ಟೀಲ್ ತಟ್ಟೆಯಿಂದ ಬರುವ ಹಾಗೆ ಬರುತ್ತದೆ. ನನ್ನ ಪಿಸ್ತೂಲು ಮೊದಲೇ ಲೊಡಲೊಡ ಅನ್ನುವಷ್ಟು ಸಡಿಲ ಇತ್ತು, ಕ್ರೋಮ್ ಆದಮೇಲೆ ಹದಕ್ಕೆ ಬಂತು. ನಿಮ್ಮದು ಮೊದಲೇ ಬಿಗಿ ಇದೆ. ಆದ್ದರಿಂದ ನನ್ನ ಅನುಭವ ನಿಮಗೆ ಆಗುವುದಿಲ್ಲ ಅನಿಸುತ್ತದೆ.

ಆದರೆ ತೊಂದರೆ ಆಗಲಿಲ್ಲ ಎಂದಲ್ಲ. ಹಿಂದಿನ ಸೈಟಿನ ಗಾಡಿಯನ್ನು ಸರಿಯಾಗಿ ಮುಚ್ಚಿರಲಿಲ್ಲ. ಅಂಚಿನಲ್ಲಿ ಕ್ರೋಮ್ ಕೂತು ಸೈಟು ಒಳಗೇ ಹೋಗಲಿಲ್ಲ. ಕ್ರೋಮಿಗೆ ಅರ ಹತ್ತಲ್ಲ, ಕೊನೆಗೆ ಸೈಟಿನ ಬುಡವನ್ನೇ ಉಜ್ಜಿ ಕೂರಿಸಿದರು. ಸೈಟಿನ ಸೊನ್ನೆ (ಗುರಿಯ ಹೊಂದಾಣಿಕೆ) ಎಲ್ಲೋ ಹೋಗಿತ್ತು. ಮತ್ತೆ ಕೂರಿಸಿಕೊಳ್ಳಲು ನೂರೈವತ್ತು ತೋಟಾ ಖರ್ಚು. ತೋಟಾಕ್ಕೆ ಎಷ್ಟು ಪರದಾಡುತ್ತೇವೆ ಎಂದು ನಿಮಗೆ ಗೊತ್ತು. ಈಗ ಅದೇ ಸೈಟಿನ ಕೆಳಗಿಂದ, ಕ್ರೋಮ್ ಇಳಿಯದ ಸಂದಿಯಿಂದ, ಕಂದು ಗೆರೆಯೊಂದು ಹೊರಗೆ ಇಣುಕುತ್ತಿದೆ. ತೊಟ್ಟಿಮನೆ ಅಣ್ಣ ಹೇಳಿದ್ದು ಅದೇ ಇರಬೇಕು.

ಇನ್ನೊಂದು ಯಾರೂ ಹೇಳದ ವಿಷಯ, ಬಿಸಿಲು. ಬೂದು ಬಣ್ಣವಾದರೂ ಸ್ಲೈಡಿನ ಬೆನ್ನಿನ ಮೇಲೆ ಮಧ್ಯಾಹ್ನದ ಬೆಳಕು ಬಿದ್ದರೆ ಮುಂದಿನ ಸೈಟಿನ ಬುಡ ಬೆಳ್ಳಗೆ ಕರಗಿಹೋಗುತ್ತದೆ. ಮೊದಲ ಸ್ಪರ್ಧೆಯಲ್ಲಿ ತಬ್ಬಿಬ್ಬಾದೆ. ಆಮೇಲೆ ಪಕ್ಕದ ಲೇನಿನ ಹಿರಿಯರೊಬ್ಬರು ಕರ್ಪೂರ ಹಚ್ಚಿ ಅದರ ಮಸಿ ಹಿಡಿಸುವುದು ಕಲಿಸಿದರು. ಸೈಟಿಗೂ, ಸ್ಲೈಡಿನ ಬೆನ್ನಿಗೂ. ಈಗ ನನ್ನ ಪೆಟ್ಟಿಗೆಯಲ್ಲಿ ಕರ್ಪೂರದ ಡಬ್ಬಿ ಯಾವಾಗಲೂ ಇರುತ್ತದೆ. ತಪಾಸಣೆಯವರು ಒಮ್ಮೆ, "ಏನಮ್ಮ, ಮಂಗಳಾರತಿನಾ?" ಎಂದು ಕೇಳಿದ್ದರು.

ನಾಲ್ಕು ತಿಂಗಳಿದೆ ಅಂದಿರಿ. ನನ್ನದು ಹೋಗಿ ಬರಲು ಹತ್ತು ವಾರ ಹಿಡಿಯಿತು, ಮತ್ತೆ ಕೈಗೆ ಹೊಂದಿಸಿಕೊಳ್ಳಲು ಅಷ್ಟೇ. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯ ಕೊನೆಯ ಇಪ್ಪತ್ತು ಗುಂಡು ನೆನಪಿಸಿಕೊಳ್ಳಿ. ಹತ್ತು ಸೆಕೆಂಡಿಗೆ ಐದು. ಅಲ್ಲಿ ಸ್ಲೈಡು ಒಮ್ಮೆ ಮುಗ್ಗರಿಸಿದರೂ ಮನಸ್ಸು ಮುಗ್ಗರಿಸುತ್ತದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲು ಕೈಕೊಟ್ಟಿದ್ದು ನೋಡಿದ್ದೀರಲ್ಲ. ಅವರಿಗೆ 2024ರಲ್ಲಿ ಪ್ಯಾರಿಸ್ ಸಿಕ್ಕಿತು, ಎರಡು ಕಂಚು ಬಂತು. ನಮ್ಮ ನಿಮ್ಮಂಥವರಿಗೆ ವರ್ಷಕ್ಕೆ ಒಂದು ರಾಜ್ಯ ಸ್ಪರ್ಧೆ. ಚೆನ್ನಾಗಿ ಹೊಡೆಯುತ್ತಿರುವ ಪಿಸ್ತೂಲನ್ನು ಸೀಸನ್ ಮುಂದೆ ಬಿಚ್ಚಿ ಯಾರ ಕೈಗೋ ಕೊಡಬೇಡಿ.

ಕಾಫಿಬೇಲಿ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಕಾಫಿ ಕುಯ್ಲು ಶುರುವಾಗಿದೆ, ತಡವಾಯಿತು.

ಮೊದಲು ಅಂಗಡಿಗೆ ಫೋನ್ ಮಾಡಿ ತೊಟ್ಟಿಮನೆಯವರು ಹೇಳಿದ ಪ್ರಶ್ನೆ ಕೇಳಿದೆ. ಒಲೆಯಲ್ಲಿ ಬೇಯಿಸುತ್ತಾರಾ? ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅದೆಲ್ಲ ಅವರು ನೋಡ್ಕೋತಾರೆ ಸಾರ್." ಅಕ್ಷರವೂ ತಪ್ಪದೆ ಅದೇ ಮಾತು. ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯಿಂದ ಹೊರಗೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿದ್ದಕ್ಕೂ ನೇರ ಉತ್ತರ ಬರಲಿಲ್ಲ. ಅಲ್ಲಿಗೆ ಕ್ರೋಮ್ ಆಸೆ ಮುಕ್ಕಾಲು ಪಾಲು ಇಳಿಯಿತು.

ಉಳಿದ ಕಾಲು ಪಾಲಿನ ಬಗ್ಗೆ ನಿಜ ಹೇಳುತ್ತೇನೆ. ಆರ್ಮರರ್ ಸಾಹೇಬರು "ಆರೋಪಿ ಚರ್ಮದ ಚೀಲ" ಎಂದರು. ಚೀಲದೊಳಗೆ ಹಾಕಿದವನು ನಾನು. ನನಗೆ ಬೇಕಿದ್ದದ್ದು ತುಕ್ಕು ತಡೆಯುವ ಲೇಪಕ್ಕಿಂತ ಆ ಹೆಬ್ಬೆರಳ ಗುರುತನ್ನು ಮುಚ್ಚುವ ಲೇಪ. ಆ ಹಿರಿಯರು ಯಾವಾಗಲಾದರೂ ರೇಂಜಿಗೆ ಬಂದು, "ಎಲ್ಲಿ, ತೋರಿಸು" ಎಂದರೆ ಏನು ಹೇಳಲಿ ಎನ್ನುವ ಭಯ. ಗುಳಿ ಮುಚ್ಚಲ್ಲ, ಇದ್ದದ್ದನ್ನೇ ತೋರಿಸುತ್ತದೆ ಎಂದು ತೊಟ್ಟಿಮನೆಯವರು ಹೇಳಿದಮೇಲೆ 22 ಸಾವಿರ ಯಾವುದಕ್ಕೆ?

ಲೈಸೆನ್ಸ್ ಇರುವ ಬೇರೆ ಕೋವಿ ರಿಪೇರಿಯವರ ಹತ್ತಿರ ಹೋದೆ. ಅವರದೇ ಮೇಜು, ಅವರದೇ ಕೈ. ನಾನು ಎದುರಿಗೇ ಸ್ಟೂಲು ಹಾಕಿಕೊಂಡು ಕೂತೆ. ಬೋಳಾದ ಎರಡು ಜಾಗಕ್ಕೆ ತಣ್ಣನೆ ಬ್ಲೂಯಿಂಗ್ ದ್ರಾವಣ ಹಚ್ಚಿ ಕೊಟ್ಟರು. ಅದು ತೇಪೆ ಕೆಲಸ, ಬೇಗ ಸವೆಯುತ್ತದೆ ಎಂದು ಅವರೇ ಹೇಳಿದರು. ಬಣ್ಣವೂ ಪೂರ್ತಿ ಸೇರಿಲ್ಲ, ಪಕ್ಕದ ಕಪ್ಪಿನ ಮುಂದೆ ಸ್ವಲ್ಪ ಬೂದು. ಸೀಸನ್ ಮುಗಿದಮೇಲೆ ಎಲ್ಲ ಬಿಚ್ಚಿ ಬಿಸಿ ಬ್ಲೂಯಿಂಗ್ ಮಾಡಿಸುವ ಬಗ್ಗೆ ಯೋಚಿಸೋಣ ಎಂದರು. ಅಲ್ಲಿಯವರೆಗೆ ಮೇಣ.

ಬೀರುವಿನ ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದೆ. ಬಲ್ಬಿಗಾಗಿ ಚಿಕ್ಕಮಗಳೂರಿನಲ್ಲಿ ಐದು ಅಂಗಡಿ ಅಲೆದೆ. ಎಲ್ಲರ ಹತ್ತಿರವೂ ಎಲ್‌ಇಡಿ. ಶಾಖ ಬರುವ ಬಲ್ಬು ಕೊಡಿ ಎಂದರೆ, ಹುಚ್ಚನನ್ನು ನೋಡಿದ ಹಾಗೆ ನೋಡುತ್ತಾರೆ. ಕೊನೆಗೆ ಒಬ್ಬ ಅಜ್ಜ ಮೇಲಿನ ಅರೆಯಿಂದ ಧೂಳು ಹಿಡಿದ ಝೀರೋ ವಾಟ್ ಬಲ್ಬು ಇಳಿಸಿ ಕೊಟ್ಟರು. ಹೆಸರಿಗೆ ಝೀರೋ, ನಿಜಕ್ಕೆ ಹದಿನೈದು ವಾಟ್ ಉರಿಯುತ್ತದೆ. ಆರು ತಂದೆ. ತೇವದ ಗಡಿಯಾರ ಮೊದಲ ದಿನ 84 ತೋರಿಸುತ್ತಿತ್ತು. ಮೂರನೇ ದಿನಕ್ಕೆ 55. ಹೆಂಡತಿ ಬಂದು ನೋಡಿ, ಒಂದು ಮಾತೂ ಆಡದೆ, ಅವಳ ಎರಡು ರೇಷ್ಮೆ ಸೀರೆ ತಂದು ಮೇಲಿನ ಅರೆಯಲ್ಲಿ ಇಟ್ಟಳು. ಈಗ ಆ ಬೀರುವಿನ ವಿಷಯದಲ್ಲಿ ಮನೆಯಲ್ಲಿ ಯಾರದ್ದೂ ತಕರಾರಿಲ್ಲ. ಬೀಗ ಎರಡು, ಪಿಸ್ತೂಲಿನ ಅರೆಗೆ ಬೇರೆ, ಕೀಲಿ ನನ್ನ ಹತ್ತಿರ.

ಚರ್ಮದ ಚೀಲಕ್ಕೆ ಈಗ ಜೀಪಿನ ಕಾಗದಪತ್ರ ಹಾಕಿದ್ದೇನೆ.

ಘಾಟಿ ಶೂಟರ್ ಅವರೇ, ಪಿಸ್ತೂಲು ಕೊಡುವುದಿಲ್ಲ. ರಾಜ್ಯ ಸ್ಪರ್ಧೆಗೆ ಬನ್ನಿ, ಪಕ್ಕದ ಲೇನಿನಿಂದ ನೋಡಿ ಬೇಕಾದರೆ.

ಇನ್ನೊಂದೇ ಒಂದು ಪ್ರಶ್ನೆ. ಕರೆಂಟು ಹೋದ ದಿನಗಳಿಗೆ ಸಿಲಿಕಾ ಜೆಲ್ ಇಡೋಣ ಎಂದುಕೊಂಡಿದ್ದೇನೆ. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದಂತೆ. ಅದು ಕೆಜಿ ಲೆಕ್ಕದಲ್ಲಿ ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಎಲ್ಲಿ ಸಿಗುತ್ತದೆ? ಶೂ ಡಬ್ಬಿಯ ಪೊಟ್ಟಣ ಕೂಡಿಸಿ ಕೂಡಿಸಿ ಸಾಕಾಗಿದೆ.